ಮೊದಲು ಗುರುತು, ಆಮೇಲೆ ಗುರಿ

ಕುಂಬಳೆಯಲ್ಲಿ ರೈಲು ತಡವಾದಾಗ ಮೊಬೈಲ್‌ನಲ್ಲಿ ಓದಿದ ಲಂಡನ್‌ನ ಸಂಗತಿ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. 2005ರ ಜುಲೈ 22. ಬಾಂಬ್ ಶಂಕಿತನೆಂದು ತಪ್ಪಾಗಿ ತಿಳಿದು, ಬ್ರೆಜಿಲ್‌ನ ಎಲೆಕ್ಟ್ರಿಷಿಯನ್ ಜೀನ್ ಚಾರ್ಲ್ಸ್ ಡಿ ಮೆನೆಜೆಸ್‌ನನ್ನು ಸ್ಟಾಕ್‌ವೆಲ್ ನಿಲ್ದಾಣದ ರೈಲಿನೊಳಗೇ ಪೊಲೀಸರು ಗುಂಡಿಕ್ಕಿ ಕೊಂದರು. ಆತ ಮನೆಯಿಂದ ಹೊರಬಿದ್ದ ಹೊತ್ತಿಗೆ ಕ್ಯಾಮೆರಾ ಹಿಡಿದು ಆ ಮನೆಯ ಮೇಲೆ ಕಣ್ಣಿಟ್ಟಿದ್ದವನು ಮೂತ್ರ ಮಾಡುತ್ತಿದ್ದ, ಚಿತ್ರೀಕರಣವೇ ಆಗಲಿಲ್ಲ. ಅನುಮಾನ ಬಾಯಿಂದ ಬಾಯಿಗೆ ದಾಟುತ್ತಾ ಖಾತರಿಯಾಗಿಬಿಟ್ಟಿತು. 2007ರಲ್ಲಿ ಲಂಡನ್ ಪೊಲೀಸರಿಗೆ 1,75,000 ಪೌಂಡ್ ದಂಡ ಬಿತ್ತು, ಅದೂ ಕಾರ್ಖಾನೆಯಂಥ ಕೆಲಸದ ಜಾಗಗಳಿಗೆ ಹಾಕುವ ಆರೋಗ್ಯ-ಸುರಕ್ಷತಾ ಕಾಯ್ದೆಯಡಿ!

ಬೆನ್ನು ಹತ್ತುವವರಿಗೂ ಬಂದೂಕು ಹಿಡಿಯುವವರಿಗೂ ಒಟ್ಟಿಗೇ ತರಬೇತಿ ಕೊಡಬೇಕೆಂದು ನನಗನ್ನಿಸುತ್ತದೆ. "ಖಚಿತವಿಲ್ಲ" ಎಂದು ವೈರ್‌ಲೆಸ್‌ನಲ್ಲಿ ಹೇಳಲು ಧೈರ್ಯ ಬೇಕು. ಪೊಲೀಸಿನಲ್ಲಿರುವ ನನ್ನ ಭಾವನಿಗೆ ಇದನ್ನು ಹೇಳಿದರೆ, "ಮೇಲಿನವರು ಕೇಳಿಸಿಕೊಳ್ಳಬೇಕಲ್ಲ" ಎಂದು ನಕ್ಕ.