ಆಲ್ದೂರಿನ ಮಳೆ ಲೆಕ್ಕ ಮತ್ತು ಒಂದು ಬ್ಯಾಚ್ ಫೈಲು

ಚಿಕ್ಕಮಗಳೂರು ಕಡೆ ಕಾಫಿ ತೋಟ ಇರುವವರಿಗೆ ಮಳೆ ಲೆಕ್ಕ ಬರೆದಿಡುವ ಅಭ್ಯಾಸ ಜಾಸ್ತಿ. ಎಲ್ಲವೂ ಇಂಚು, ಸೆಂಟ್ಸ್ ಲೆಕ್ಕದಲ್ಲೇ. ನೂರು ಸೆಂಟ್ಸ್ ಅಂದ್ರೆ ಒಂದಿಂಚು. ಮಿಲಿಮೀಟರ್ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವತ್ತು ಬಿತ್ತು, ಆಮೇಲೆ ಬ್ಯಾಕಿಂಗ್ (ಹೂ ಕಾಯಿ ಕಚ್ಚಲು ಬೇಕಾದ ಮುಂದಿನ ಮಳೆ) ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ಆ ವರ್ಷದ ರೋಬಸ್ಟಾ ಫಸಲು ನಿಂತಿರುತ್ತದೆ. ಹಾಗಾಗಿ ಹಳೇ ಲೆಕ್ಕವನ್ನು ಯಾರೂ ಬಿಸಾಡುವುದಿಲ್ಲ.

ಆಲ್ದೂರು ಹತ್ತಿರ ತೋಟ ಇರುವ ಗೆಳೆಯನ ಅಪ್ಪ ಒಂದು ಪೆನ್‌ಡ್ರೈವ್ ಕೊಟ್ಟು, 'ಇದ್ರಲ್ಲಿ ಇರೋದೆಲ್ಲ ಒಂದೇ ಥರ ಓದೋ ಹಾಗೆ ಮಾಡಿಕೊಡಪ್ಪ' ಅಂದರು. ಒಳಗೆ ತಿಂಗಳಿಗೊಂದು ಟೆಕ್ಸ್ಟ್ ಫೈಲು. ತೋಟದ ರೈಟರ್‌ಗಳು ಬದಲಾದ ಹಾಗೆ ಕಂಪ್ಯೂಟರೂ ಬದಲಾಗಿದೆ, ಕಂಪ್ಯೂಟರ್ ಬದಲಾದ ಹಾಗೆ ಅಕ್ಷರವೂ ಬದಲಾಗಿದೆ. ಹಳೇವೆಲ್ಲ ನುಡಿ ಫಾಂಟಿನಲ್ಲಿ, ನಡುವಿನವು ನೋಟ್‌ಪ್ಯಾಡಿನಲ್ಲಿ 'ಯೂನಿಕೋಡ್' ಅಂತ ಸೇವ್ ಮಾಡಿದವು, ಈಚಿನವು ಯುಟಿಎಫ್-8, ಅಂದ್ರೆ ಯೂನಿಕೋಡನ್ನು ಬರೆದಿಡುವ ಈಗಿನ ರೂಢಿ. ಇಷ್ಟೇ ಆಗಿದ್ದರೆ ಸುಲಭ. ಈಚಿನ ಫೋಲ್ಡರನ್ನು ನನಗಿಂತ ಮುಂಚೆ ಯಾರೋ ಒಬ್ಬರು 'ಸರಿ ಮಾಡಿ' ಕೊಟ್ಟಿದ್ದರು. ಅದರಲ್ಲಿ ಅರ್ಧಕ್ಕೆ ಅರ್ಧ ಫೈಲು ಓದುವ ಸ್ಥಿತಿಯಲ್ಲೇ ಇರಲಿಲ್ಲ.

ಹೊರಗೆ ಆಷಾಢದ ಮಳೆ, ಕರೆಂಟು ಬಂದು ಹೋಗಿ ಮಾಡುತ್ತಿತ್ತು. ತೋಟದ ಮನೆಯ ಯುಪಿಎಸ್ ನಂಬಿಕೊಂಡು ಅಲ್ಲೇ ಕೂತೆ.

ಟೆಕ್ಸ್ಟ್ ಫೈಲಿನ ದೊಡ್ಡ ತಲೆನೋವು ಅಂದ್ರೆ, ತಾನು ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ಅಂತ ಅದು ಹೇಳಿಕೊಳ್ಳಲೇಬೇಕು ಅಂತ ಏನೂ ಇಲ್ಲ. ಒಳಗಿರುವುದು ಬರೀ ಬೈಟುಗಳು. ಅದಕ್ಕೇ ಮೊದಲು ಪ್ರತಿ ಫೈಲಿನ ಬೈಟು ನೋಡಿ ಗುಂಪು ಮಾಡಬೇಕು, ಆಮೇಲೆ ಪರಿವರ್ತನೆ. ಎಲ್ಲ ಫೈಲಿಗೂ ಒಂದೇ ಆಜ್ಞೆ ಓಡಿಸುವವರ ಮೇಲೆ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ.

ಶುರುವಿನಲ್ಲೇ ಎಫ್‌ಎಫ್, ಎಫ್‌ಇ ಅನ್ನುವ ಎರಡು ಬೈಟು (ಬೈಟುಗಳನ್ನು ಹೆಕ್ಸಿನಲ್ಲಿ, ಅಂದ್ರೆ 0ರಿಂದ 9 ಮತ್ತು ಎಯಿಂದ ಎಫ್ ಬಳಸಿ ಬರೆಯುತ್ತಾರೆ) ಇದ್ದರೆ ಅದು ಯುಟಿಎಫ್-16. ಹಳೇ ನೋಟ್‌ಪ್ಯಾಡ್ 'ಯೂನಿಕೋಡ್' ಅಂತ ಕರೆಯುತ್ತಿದ್ದುದು ಇದನ್ನೇ. ಇವಕ್ಕೆ ಗಿಟ್ ಅನ್ನುವ ತಂತ್ರಾಂಶದ ಜೊತೆ ಬರುವ, ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಸಾಕು. ಬ್ಯಾಚ್ ಫೈಲಿನಲ್ಲಿ, ಅಂದ್ರೆ ವಿಂಡೋಸ್ ಸಾಲಾಗಿ ಓಡಿಸುವ ಆಜ್ಞೆಗಳ ಫೈಲಿನಲ್ಲಿ, ಒಂದೊಂದೇ ಫೈಲಿಗೆ ಅದೇ ಕೆಲಸ ಮಾಡಿಸುವ ಫಾರ್ ಲೂಪ್ ಬರೆದೆ. ಕಪ್ಪು ಪರದೆಯಲ್ಲಿ ನೇರ ಟೈಪ್ ಮಾಡುವಾಗ ಲೂಪಿನ ಹೆಸರಿಗೆ ಒಂದು ಪರ್ಸೆಂಟ್ ಚಿಹ್ನೆ ಸಾಕು, ಬ್ಯಾಚ್ ಫೈಲಿನೊಳಗೆ ಎರಡು ಬೇಕು. ಇದನ್ನು ಯಾಕೆ ಹೀಗೆ ಮಾಡಿದರೋ, ದೇವರೇ ಬಲ್ಲ. ಫಲಿತಾಂಶವನ್ನು ಬೇರೆ ಫೋಲ್ಡರಿಗೇ ಬರೆಯಬೇಕು. ಅದೇ ಹೆಸರಿಗೆ ವಾಪಸ್ ಬರೆಯಲು ಹೋದರೆ, ಐಕಾನ್ವ್ ಓದುವುದಕ್ಕೆ ಮುಂಚೆಯೇ ವಿಂಡೋಸ್ ಆ ಫೈಲನ್ನು ಖಾಲಿ ಮಾಡಿಟ್ಟಿರುತ್ತದೆ.

ನುಡಿಯ ಫೈಲು ಗುರುತಿಸುವುದೂ ಕಷ್ಟ ಇಲ್ಲ. ನುಡಿಯಲ್ಲಿ ಕನ್ನಡದ ಅಕ್ಷರವೇ ಇರುವುದಿಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟು ತೆಗೆದರೆ ಬಣ್ಣ ಬಯಲು. 'ಮಳೆ' ಅಂತ ಬರೆದ ಕಡೆಯೆಲ್ಲ ನನಗೆ ಕಾಲು ಭಾಗದ ಚಿಹ್ನೆ, ಅಂದರೆ ಒಂದರ ಕೆಳಗೆ ನಾಲ್ಕು, ಕಾಣುತ್ತಿತ್ತು. ನುಡಿಯಲ್ಲಿ 'ಳ' ಕೂತಿರುವುದು ಆ ಚಿಹ್ನೆಯ ಜಾಗದಲ್ಲಿ, 'ಳಿ' ಅರ್ಧದ ಚಿಹ್ನೆಯಲ್ಲಿ. ಮಳೆ ಲೆಕ್ಕದ ಫೈಲಿನಲ್ಲಿ ಕಾಲು, ಅರ್ಧ ಕಂಡರೆ ಯಾರಾದರೂ ಅದೂ ಇಂಚೇ ಅಂದುಕೊಳ್ಳುತ್ತಾರೆ, ಅಲ್ವಾ? ತಲೆಕಟ್ಟಿನ ಚೂರು ಇರುವುದು ಸಿ0 ಅನ್ನುವ ಬೈಟಿನಲ್ಲಿ. ಸರಿಯಾದ ಯುಟಿಎಫ್-8 ಫೈಲಿನಲ್ಲಿ ಆ ಬೈಟು ಎಲ್ಲೂ ಬರುವ ಹಾಗೇ ಇಲ್ಲ. ಹಾಗಾಗಿ ಫೈಲನ್ನು ಯುಟಿಎಫ್-8ರಿಂದ ಯುಟಿಎಫ್-8ಕ್ಕೇ ಬದಲಿಸು ಅಂತ ಐಕಾನ್ವ್‌ಗೆ ಸುಮ್ನೆ ಹೇಳಿದರೆ ಸಾಕು, ನುಡಿ ಫೈಲು ಸಿಕ್ಕ ಕೂಡಲೇ ತಕರಾರು ಮಾಡುತ್ತದೆ. ಬ್ಯಾಚ್ ಫೈಲಿನಲ್ಲಿ ಎರರ್‌ಲೆವೆಲ್ (ಹಿಂದಿನ ಆಜ್ಞೆ ಸೋತಿತೋ ಇಲ್ಲವೋ ಹೇಳುವ ಸಂಖ್ಯೆ) ನೋಡಿ ಅಂಥವನ್ನು ಪಕ್ಕಕ್ಕೆ ಎತ್ತಿಟ್ಟೆ.

ಆದರೆ ನುಡಿಯನ್ನು ಬದಲಿಸುವ ಕೆಲಸ ಐಕಾನ್ವ್‌ಗೆ ಆಗುವುದಿಲ್ಲ. ಅದರ ಲೆಕ್ಕದಲ್ಲಿ ಕಾಲು ಚಿಹ್ನೆ ಅಂದ್ರೆ ಕಾಲು ಚಿಹ್ನೆಯೇ. ಇದಕ್ಕೆ ಚೂರಿಗೆ ಚೂರು ಹೊಂದಿಸುವ ಕೋಷ್ಟಕ ಬೇಕು, ಜೊತೆಗೆ ಅರ್ಕಾವತ್ತಿನ ಜಾಗ ಬದಲಿಸುವ ಬುದ್ಧಿಯೂ ಬೇಕು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಸುಮ್ಮನೆ ಕೋಷ್ಟಕ ಓಡಿಸಿದರೆ 'ಮಾರ್ಚ್' ಹೋಗಿ 'ಮಾಚ್ರ್' ಆಗುತ್ತದೆ. ಹೂಮಳೆಯ ತಿಂಗಳೇ ಹೀಗಾದರೆ ಹೇಗೆ? ಪೈಥಾನಿನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದು, ಬ್ಯಾಚ್ ಫೈಲಿನಿಂದಲೇ ಅದನ್ನು ಕರೆಸಿದೆ.

ನಿಜವಾದ ಮಜಾ ಇದ್ದದ್ದು ಆ ಪುಣ್ಯಾತ್ಮರು ಸರಿ ಮಾಡಿದ್ದ ಫೋಲ್ಡರಿನಲ್ಲಿ. ತೆರೆದರೆ ಸಾಲು ಸಾಲು ಸಣ್ಣ ಎ, ಅದರ ತಲೆ ಮೇಲೊಂದು ಓರೆ ಗೆರೆ, ಪಕ್ಕದಲ್ಲಿ ಪುಟ್ಟ 2, ಮತ್ತೆ ಅದೇ ಎ, ಪುಟ್ಟ 3. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟು, ಮೊದಲೆರಡು ಇ0 ಬಿ2 ಅಥವಾ ಇ0 ಬಿ3. ಅದನ್ನೇ ವಿಂಡೋಸ್-1252 (ಇಂಗ್ಲಿಷ್, ಯುರೋಪಿನ ಭಾಷೆಗಳ ಹಳೇ ಎನ್‌ಕೋಡಿಂಗ್) ಅಂತ ತಪ್ಪಾಗಿ ಓದಿದರೆ ಹೀಗೆ ಕಾಣುತ್ತದೆ. ನಡೆದದ್ದು ಇಷ್ಟು. ಪವರ್‌ಶೆಲ್ 5.1ರಲ್ಲಿ (ಆಜ್ಞೆ ಓಡಿಸುವ ವಿಂಡೋಸಿನ ಇನ್ನೊಂದು ಸಾಧನ) ಎನ್‌ಕೋಡಿಂಗ್ ಹೇಳದೆ ಫೈಲು ಓದಿಸಿದ್ದಾರೆ. ತಲೆಯಲ್ಲಿ ಯುಟಿಎಫ್-8 ಅಂತ ಹೇಳುವ ಗುರುತಿನ ಬೈಟು ಇದ್ದ ಫೈಲುಗಳನ್ನು ಅದು ಸರಿಯಾಗಿಯೇ ಓದಿದೆ, ಇಲ್ಲದವನ್ನು ಹಳೇ ಕಾಲದ ಆನ್ಸಿ, ಅಂದ್ರೆ ಇದೇ 1252, ಅಂದುಕೊಂಡು ಮತ್ತೊಮ್ಮೆ ಯುಟಿಎಫ್-8 ಮಾಡಿ ಬರೆದಿದೆ. ಅದಕ್ಕೇ ಅರ್ಧ ಚೆನ್ನಾಗಿದ್ದವು, ಅರ್ಧ ಕೆಟ್ಟಿದ್ದವು.

ಇದನ್ನು ಬಿಡಿಸಬೇಕಾದರೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಯುಟಿಎಫ್-8 ಅಂತ ಓದಿ, ವಿಂಡೋಸ್-1252 ಅಂತ ಬರೆದರೆ ಮೂಲ ಬೈಟುಗಳು ಸಿಗುತ್ತವೆ. ಐಕಾನ್ವ್‌ಗೆ ಹಾಗೇ ಹೇಳಿದೆ. ಪ್ರತಿ ಫೈಲಿನಲ್ಲೂ ಮೊದಲ ಸಾಲಿನಲ್ಲೇ ನಿಂತುಬಿಟ್ಟಿತು. ನಿಂತ ಜಾಗ ನೋಡಿದರೆ ಎಲ್ಲ ಕಡೆ ಒಂದೇ ಪದ, 'ಇಂಚು'. ಅದರಲ್ಲೂ ಕೊನೆಯ ಕೊಂಬು. ಕೊಂಬಿನ ಮೂರನೇ ಬೈಟು 81. ವಿಂಡೋಸ್-1252ರಲ್ಲಿ ಐದು ಮನೆ ಖಾಲಿ: 81, 8ಡಿ, 8ಎಫ್, 90, 9ಡಿ. ಕನ್ನಡದ ಗ್ರಹಚಾರ ನೋಡಿ, ಕೊಂಬು 81ರಲ್ಲಿ, ಒತ್ತಕ್ಷರಕ್ಕೆಲ್ಲ ಬೇಕಾದ ಹಲಂತ 8ಡಿಯಲ್ಲಿ, ಏ, ಐ, ಝ ಉಳಿದ ಮೂರರಲ್ಲಿ ಬಂದು ಕೂತಿವೆ. 'ಮಳೆ' ಪಾರಾಗುತ್ತದೆ, 'ಇಂಚು' ಮುಗ್ಗರಿಸುತ್ತದೆ, 'ಸೆಂಟ್ಸ್' ಎರಡೆರಡು ಸಲ ಮುಗ್ಗರಿಸುತ್ತದೆ. ತಪ್ಪಿದ್ದನ್ನು ಬಿಟ್ಟು ಮುಂದೆ ಹೋಗು ಅನ್ನುವ ಆಯ್ಕೆಯೂ ಐಕಾನ್ವ್‌ನಲ್ಲಿದೆ. ಅದನ್ನು ಕೊಟ್ಟರೆ ಕೊಂಬು, ಒತ್ತು ಎಲ್ಲ ಮಣ್ಣುಪಾಲು, ಆಮೇಲೆ ಯಾರ ಕೈಲೂ ಸರಿ ಮಾಡಲು ಆಗುವುದಿಲ್ಲ.

ಗಂಟು ಹಾಕಿದವರಿಂದಲೇ ಬಿಚ್ಚಿಸುವುದು ಒಳ್ಳೆಯದು ಅನ್ನಿಸಿತು. ಪವರ್‌ಶೆಲ್ ಹಿಂದಿರುವ ಡಾಟ್‌ನೆಟ್ ಅನ್ನುವ ಮೈಕ್ರೋಸಾಫ್ಟಿನ ತಂತ್ರಾಂಶ ಆ ಐದು ಖಾಲಿ ಮನೆಗಳನ್ನೂ ಬಿಡದೆ, 81ನ್ನು ಅದೇ ಸಂಖ್ಯೆಯ ಅದೃಶ್ಯ ಅಕ್ಷರವಾಗಿ ಓದಿಕೊಂಡಿರುತ್ತದೆ, ವಾಪಸ್ ಬರೆಯುವಾಗ ಹಾಗೇ 81 ಮಾಡಿ ಕೊಡುತ್ತದೆ. ಅದೇ ಪವರ್‌ಶೆಲ್‌ನಲ್ಲಿ ಫೈಲನ್ನು ಯುಟಿಎಫ್-8 ಅಂತ ಪೂರ್ತಿ ಓದಿಸಿ, 1252ರ ಬೈಟುಗಳಾಗಿ ಬರೆಸಿದೆ. ಮೊದಲ ಫೈಲು ತೆರೆದಾಗ 'ಇಂಚು' ಕೊಂಬಿನ ಸಮೇತ ಬಂತು. ಆಮೇಲೆ ಫೋಲ್ಡರ್ ಪೂರ್ತಿ ಓಡಿಸಲು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಅಂಕಿಗಳು ಮಾತ್ರ ಇಷ್ಟೆಲ್ಲ ರಗಳೆಯಲ್ಲೂ ಒಂದೂ ಅಲುಗಾಡಿರಲಿಲ್ಲ. 0ರಿಂದ 9ರವರೆಗೆ ಎಲ್ಲ ಕಡೆ ಅವೇ ಸಂಖ್ಯೆ. ಮಳೆ ಎಷ್ಟು ಅಂತ ಮೊದಲೇ ಗೊತ್ತಿತ್ತು, ಅದರ ಪಕ್ಕ ಏನು ಬರೆದಿದ್ದಾರೆ ಅಂತ ಮಾತ್ರ ಗೊತ್ತಿರಲಿಲ್ಲ.

ಸಂಜೆ ಎಲ್ಲವನ್ನೂ ಸೇರಿಸಿ ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಟೆಕ್ಸ್ಟ್ ಫೈಲು) ಮಾಡಿ ಕೊಟ್ಟೆ. ಯಜಮಾನರು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರು, ಮತ್ತೆ ಅದೇ ಗೆರೆ ಹೊತ್ತ ಎಗಳು, ಪುಟ್ಟ 2, ಪುಟ್ಟ 3. ಅವರ ಮುಖ ನೋಡಬೇಕಿತ್ತು. ಎಕ್ಸೆಲ್‌ಗೆ ಶುರುವಿನಲ್ಲಿ ಇಎಫ್, ಬಿಬಿ, ಬಿಎಫ್ ಅನ್ನುವ ಗುರುತಿನ ಬೈಟು ಇದ್ದರೇನೇ ಯುಟಿಎಫ್-8 ಅಂತ ನಂಬಿಕೆ. ಆ ಮೂರು ಬೈಟು ಸೇರಿಸಿ ಕೊಟ್ಟ ಮೇಲೆ ಸರಿಯಾಯಿತು. ಅವರು ಮೊದಲು ಹುಡುಕಿದ್ದು 'ಹೂಮಳೆ'. ಪಕ್ಕದ ತೋಟದವರಿಗೆ ಫೋನ್ ಹಚ್ಚಿ, 'ಆ ವರ್ಷ ಫೆಬ್ರವರೀಲೇ ಬಿದ್ದಿತ್ತು ಕಣ್ರೀ, ಅರವತ್ತು ಸೆಂಟ್ಸು, ನೀವು ಮಾರ್ಚ್ ಅಂತಿದ್ರಲ್ಲ' ಅಂತ ಶುರು ಮಾಡಿದರು. ನಾನು ಮೂಲ ಫೈಲುಗಳನ್ನು ಬೇರೆ ಫೋಲ್ಡರಿಗೆ ಹಾಕಿ ರೀಡ್-ಓನ್ಲಿ ಮಾಡಿ ಎದ್ದೆ.