ತಾರೆಯ ಗೆಳತಿಗೆ ಏನು ಗೊತ್ತಿತ್ತು? ಹದಿಹರೆಯದ ಪತ್ತೇದಾರಿ ಕಾದಂಬರಿ ತಿದ್ದುವಾಗ

ರಿಯಾಲಿಟಿ ಶೋ ಗೆದ್ದು ತಾರೆಯಾದ ಜಯನಗರದ ಪಿಯು ಹುಡುಗಿ ಕಾಣೆಯಾಗುತ್ತಾಳೆ, ಹಳೇ ಸ್ನೇಹಿತರು ಹುಡುಕಲು ಹೊರಡುತ್ತಾರೆ. ಇಂಥ ಹಸ್ತಪ್ರತಿ ಸಂಪಾದಕರ ಮೇಜಿಗೆ ಬಂದರೆ ಕಾಗುಣಿತಕ್ಕೆ ಆಮೇಲೆ ಕೈ ಹಾಕಿದರಾಯಿತು. ಯಾರಿಗೆ ಏನು ಗೊತ್ತು, ಯಾವಾಗಿನಿಂದ ಗೊತ್ತು ಅನ್ನುವುದನ್ನು ಮೊದಲು ನೋಡಬೇಕು.

ಅದಕ್ಕೊಂದು ಎಕ್ಸೆಲ್ ಹಾಳೆ ಸಾಕು. ಅಧ್ಯಾಯಕ್ಕೊಂದು ಸಾಲು; ದಿನ ಮತ್ತು ಗಂಟೆ, ಜಾಗ, ಮುಖ್ಯ ಪಾತ್ರಗಳಿಗೆ ತಲಾ ಒಂದು ಕಾಲಂ. ಕೊನೆಗೆ ‘ಊರಿಗೆಲ್ಲ ಗೊತ್ತು’ ಅಂತ ಇನ್ನೊಂದು. ತಾರೆಯ ಕಥೆಯಲ್ಲಿ ಎಡವಟ್ಟಾಗುವುದು ಈ ಕೊನೆಯ ಕಾಲಂನಲ್ಲೇ. ಅವಳ ನಾಯಿಯ ಹೆಸರು, ಇಷ್ಟದ ತಿಂಡಿ, ಓದಿದ ಶಾಲೆ ಎಲ್ಲ ಸಂದರ್ಶನಗಳಲ್ಲಿ ಬಂದುಹೋಗಿರುತ್ತವೆ. ಅದನ್ನೇ ಸುಳಿವು ಮಾಡಿಕೊಂಡರೆ ಪ್ರತಿಯೊಬ್ಬ ಅಭಿಮಾನಿಯ ಮೇಲೂ ಅನುಮಾನ ಪಡಬೇಕಾಗುತ್ತದೆ. ಸ್ನೇಹಿತರೇ ಹುಡುಕಬೇಕು ಅನ್ನುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಗೆಳತಿಗೆ ಮಾತ್ರ ಗೊತ್ತಿರುವುದು ಇನ್ನೂ ಚಿಕ್ಕದಿರಬೇಕು. ಹುಡುಗಿ ಯಾವಾಗಲೂ ವಾಯ್ಸ್ ನೋಟ್ ಕಳಿಸುವವಳು, ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಮಾತ್ರ ಟೈಪ್ ಮಾಡುತ್ತಾಳೆ ಅಂದುಕೊಳ್ಳಿ. ‘ಚೆನ್ನಾಗಿದ್ದೀನಿ, ಹುಡುಕಬೇಡಿ’ ಅಂತ ಟೈಪ್ ಮಾಡಿದ ಮೆಸೇಜ್ ಬಂದಾಗ ಮನೆಯವರು ಉಸಿರು ಬಿಡುತ್ತಾರೆ, ಗೆಳತಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಈ ಅಭ್ಯಾಸ ಪುಸ್ತಕದ ಮೊದಲ ಮೂರನೇ ಒಂದು ಭಾಗದೊಳಗೇ ಬಂದಿರಬೇಕು, ಅದೂ ಯಾವುದೋ ತಮಾಷೆಯ ದೃಶ್ಯದಲ್ಲಿ. ನಡುವೆ ಇನ್ನೊಂದು ಸಲ ಸುಮ್ಮನೆ ತಾಗಿ ಹೋದರೆ ಸಾಕು. ಕಾಣೆಯಾದ ಅಧ್ಯಾಯದ ಹಿಂದಿನ ಪುಟದಲ್ಲೇ ಹೇಳಿದರೆ ಹದಿನೈದರ ಓದುಗ ಅಲ್ಲೇ ಹಿಡಿದುಬಿಡುತ್ತಾನೆ.

‘24 ಗಂಟೆ ಆಗಲಿ, ಆಮೇಲೆ ಬನ್ನಿ’ ಅನ್ನುವ ಇನ್‌ಸ್ಪೆಕ್ಟರ್ ಬಹುತೇಕ ಹಸ್ತಪ್ರತಿಗಳಲ್ಲಿ ಇರುತ್ತಾರೆ. ಅಂಥ ನಿಯಮವಿಲ್ಲ. ಮಕ್ಕಳು ಕಾಣೆಯಾದ ದೂರಿಗೆ ಎಫ್‌ಐಆರ್ ಹಾಕಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹಾಗಾದರೆ ಹುಡುಗರಿಗೆ ಪತ್ತೇದಾರಿಕೆ ಮಾಡಲು ಬಿಡುವು ಎಲ್ಲಿಂದ? ತಾರಾಪಟ್ಟವೇ ಕೊಡುತ್ತದೆ: ಜಾಹೀರಾತಿನ ಒಪ್ಪಂದ ಕೈತಪ್ಪೀತೆಂದು ಮ್ಯಾನೇಜರ್ ‘ಹುಷಾರಿಲ್ಲ’ ಎಂದು ಸುದ್ದಿ ಹಬ್ಬಿಸಿ, ಅಪ್ಪ ಅಮ್ಮನನ್ನೂ ಠಾಣೆಗೆ ಹೋಗದಂತೆ ತಡೆಯುತ್ತಾರೆ.

ಫೋನಿನ ಸುಳಿವುಗಳನ್ನು ಕೈಯಲ್ಲಿ ಫೋನ್ ಹಿಡಿದೇ ಪರೀಕ್ಷಿಸಿ. ವಾಟ್ಸಾಪ್‌ನಲ್ಲಿ ಬಂದ ಫೋಟೋದಿಂದ ನಾಯಕ ಲೊಕೇಶನ್ ತೆಗೆಯುತ್ತಾನೆ ಅಂತ ಬರೆದಿರುತ್ತಾರೆ. ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿದ್ದು, ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮಾತ್ರ ಉಳಿದಿರುತ್ತದೆ. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಯಲ್ಲಿ ಬೇರೆಯವರಿಗೆ ಕಾಣದಾಗುತ್ತದೆ. ಅದರ ಸ್ಕ್ರೀನ್‌ಶಾಟ್ ಫ್ಯಾನ್ ಪೇಜ್ ನಡೆಸುವ ಹುಡುಗನ ಬಳಿ ಇದ್ದರೆ ಕಥೆಯಲ್ಲಿ ಅಭಿಮಾನಿಗೂ ಒಂದು ಕೆಲಸ ಸಿಕ್ಕಿತು. ಊರಿನ ವಿವರವೂ ಅಷ್ಟೇ. 2023ರ ಅಕ್ಟೋಬರಿಗೆ ಮುಂಚಿನ ಕಥೆಯಾದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೂ ಮೆಟ್ರೋದಲ್ಲೇ ಕೂರಿಸಬೇಡಿ, ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ರೈಲು ಆಗಿನ್ನೂ ಓಡುತ್ತಿರಲಿಲ್ಲ.

ಕನ್ನಡದಲ್ಲಿ ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುವ ಅಪಾಯ ಇದೆ. ‘ಯಾರೋ ಗೇಟು ತೆಗೆದರು’ ಸರಿ. ಮುಂದಿನ ಸಾಲಿನಲ್ಲಿ ‘ಒಳಗೆ ಬಂದಳು’ ಅಂದರೆ ಶಂಕಿತರಲ್ಲಿ ಅರ್ಧ ಜನ ಖಾಲಿ. ಇಡೀ ದೃಶ್ಯವನ್ನು ‘ಬಂದರು, ಹೋದರು’ ಎಂದೇ ಓಡಿಸಿದರೂ ಓದುಗನಿಗೆ ವಾಸನೆ ಹತ್ತುತ್ತದೆ. ಮನುಷ್ಯರನ್ನು ಬಿಟ್ಟು ವಸ್ತುಗಳನ್ನು ಕರ್ತೃ ಮಾಡಿ: ಟಾರ್ಚಿನ ಬೆಳಕು ಮೆಟ್ಟಿಲು ಹತ್ತಿತು, ಚಿಲಕ ಸರಿಯಿತು. ಹೆಸರಿಲ್ಲದ ಮೆಸೇಜುಗಳಲ್ಲಿ ‘ಕಣೋ’, ‘ಕಣೇ’ ಇವೆಯಾ ಅಂತ ಕಡತದಲ್ಲಿ ಹುಡುಕಿ. ಅದನ್ನು ಪಡೆದವರು ಹುಡುಗನೋ ಹುಡುಗಿಯೋ ಅನ್ನುವುದು ಅದರಿಂದಲೇ ಹೊರಬೀಳುತ್ತದೆ.

ಪುಟ ಜೋಡಿಸಲು ಡಿಟಿಪಿಗೆ ಕೊಡುವ ಮುಂಚೆ ಸುಳಿವಿರುವ ಪ್ರತಿ ಸಾಲನ್ನೂ ಹಾಳೆಯಲ್ಲಿ ಪುಟಸಂಖ್ಯೆ ಸಮೇತ ಗುರುತಿಸಿಡಿ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಅಂದರೆ ಒಟ್ಟಿಗೆ ಮುದ್ರಿಸುವ ಪುಟಗಳ ಕಂತೆಯ ಲೆಕ್ಕದಲ್ಲಿ. 16 ಪುಟದ ಫಾರಂ ಆದರೆ 11 ಫಾರಂಗೆ 176 ಪುಟ. 179 ಆಯಿತು ಅಂದ ಕೂಡಲೇ ಪ್ರಕಾಶಕರು ಮೂರು ಪುಟ ಇಳಿಸಿ ಅಂತಾರೆ, ಆಗ ಮೊದಲು ಕತ್ತರಿ ಬೀಳುವುದು ಸ್ನೇಹಿತರು ಹರಟುವ ದೃಶ್ಯಕ್ಕೆ. ವಾಯ್ಸ್ ನೋಟ್ ವಿಷಯ ಇದ್ದದ್ದು ಅಲ್ಲೇ.