ತವರಿನ ತೋಟದಲ್ಲಿ ಹೆಣ್ಣುಮಗಳಿಗೆ ಪಾಲೇಕೆ?

ಶಿರಸಿಯಲ್ಲಿ ವಕೀಲಿ ವೃತ್ತಿ ಮಾಡುವ ನನ್ನನ್ನು ಕಚೇರಿಗೆ ಬಂದ ಕಕ್ಷಿದಾರರು ಮಾತ್ರವಲ್ಲದೆ ಮದುವೆ, ಉಪನಯನಗಳಲ್ಲಿ ಸಿಗುವ ನೆಂಟರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಮದುವೆ ಮಾಡಿ ಕೊಟ್ಟಾಯಿತು, ಗಂಡನ ಮನೆಯಲ್ಲಿ ಅನುಕೂಲವಾಗಿಯೇ ಇದ್ದಾಳೆ, ಇನ್ನು ತವರಿನ ತೋಟದಲ್ಲಿ ಅವಳಿಗೆ ಪಾಲೇಕೆ?” ಹೀಗೆ ಕೇಳುವವರಲ್ಲಿ ಅಣ್ಣತಮ್ಮಂದಿರಷ್ಟೇ ತಾಯಂದಿರೂ ಇರುತ್ತಾರೆ. ಪಾಲು ಹುಟ್ಟಿನಿಂದಲೇ ಅವಳದಾಗಿರುವಾಗ, ಅದು ಏಕೆ ಬೇಕೆಂದು ಅವಳು ವಿವರಿಸಬೇಕಾಗಿಲ್ಲ. ಅದನ್ನು ಬಿಟ್ಟುಕೊಡು ಎನ್ನುವವರು ಕಾರಣ ಹೇಳಬೇಕು ಎಂಬುದು ನನ್ನ ಉತ್ತರ.

ಇದು ಕಾನೂನಿನ ಮಾತೂ ಹೌದು. ಉಯಿಲು ಬರೆಯದೆ ತೀರಿಕೊಂಡವನ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ತಾಯಿ, ಮಗ, ಮಗಳು ಎಲ್ಲರಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಸಮಪಾಲು ಕೊಟ್ಟಿತ್ತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತ್ತು. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಈ ಅಡ್ಡಗೋಡೆಯೂ ಹೋಯಿತು. ಆ ದಿನ ತಂದೆ ಜೀವಂತ ಇರಬೇಕಾಗಿತ್ತೇ ಎಂಬ ಗೊಂದಲವನ್ನು ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಪ್ರಕರಣದ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಬಗೆಹರಿಸಿ, ಇರಬೇಕಾಗಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆಗಿಹೋದ ಪಾಲುಪಟ್ಟಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಮದುವೆಗೆ ಹಾಕಿದ ಖರ್ಚೇ ಅವಳ ಪಾಲು ಎಂಬ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಊಟಕ್ಕೆ, ಚಪ್ಪರಕ್ಕೆ ಸುರಿದ ಹಣ ಅವಳ ಹೆಸರಿನಲ್ಲಿ ಎಲ್ಲಿಯೂ ಉಳಿದಿರುವುದಿಲ್ಲ. ವರದಕ್ಷಿಣೆಯಾಗಿ ಕೊಟ್ಟದ್ದಾದರೆ 1961ರ ಕಾಯ್ದೆಯಂತೆ ಅದು ಅಪರಾಧ, ಅಪರಾಧವನ್ನು ಪಾಲಿನ ಲೆಕ್ಕದಲ್ಲಿ ವಜಾ ಮಾಡಲು ಬರುವುದಿಲ್ಲ.

ತೋಟ ತುಂಡಾಗುತ್ತದೆ ಎಂಬ ಆತಂಕ ಮಾತ್ರ ಗಂಭೀರವಾದುದು. ನಮ್ಮ ಕಡೆಯ ಅಡಿಕೆ ತೋಟಗಳು ಕಣಿವೆಗಳಲ್ಲಿವೆ. ಒಂದೇ ನೀರು, ಒಂದೇ ಕಾಲುವೆ, ತೋಟಕ್ಕೆ ಗೊಬ್ಬರದ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟ, ಅಡಿಕೆ ಒಣಗಿಸಲು ಒಂದೇ ಅಂಗಳ. ಇಂಥದ್ದನ್ನು ಹರಿದು ಹಂಚಿದರೆ ಯಾರಿಗೂ ಬದುಕು ಸಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮೂವರು ಗಂಡುಮಕ್ಕಳು ಪಾಲಾಗುವಾಗ ಈ ಮಾತು ಇಷ್ಟು ಗಟ್ಟಿಯಾಗಿ ಕೇಳಿಬರುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿ, ಅಡಿಕೆ ಕೊಯ್ಲಿಗೂ ಊರಿಗೆ ಬಾರದ ಮಗನ ಹೆಸರು ಪಹಣಿಯಲ್ಲಿದ್ದರೆ ತೋಟ ಹಾಳಾಯಿತೆಂದು ಯಾರೂ ಹೇಳುವುದಿಲ್ಲ. ಊರಿನಲ್ಲಿರುವ ತಮ್ಮ ಸಾಗುವಳಿ ನೋಡಿಕೊಳ್ಳುತ್ತಾನೆ, ವರ್ಷದ ಕೊನೆಗೆ ಲೆಕ್ಕವಾಗುತ್ತದೆ. ಕುಮಟೆಗೋ ಯಲ್ಲಾಪುರಕ್ಕೋ ಮದುವೆಯಾಗಿ ಹೋದ ಅಕ್ಕನ ಹೆಸರೂ ಹಾಗೆಯೇ ಜಂಟಿಯಾಗಿ ಇರಬಹುದು. ಅವಳು ಪಾಲನ್ನು ಮಾರಲು ಹೊರಟರೂ ಹೊರಗಿನವರಿಗಿಂತ ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಹೇಳುವುದು ಅದನ್ನೇ, ಅದು ಕೃಷಿಭೂಮಿಗೂ ಸಲ್ಲುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಪಾಲಿನ ಬೆಲೆಯನ್ನು ಕಂತಿನಲ್ಲಿ ಕೊಟ್ಟು ತೋಟವನ್ನು ಇಡಿಯಾಗಿ ಉಳಿಸಿಕೊಳ್ಳುವ ದಾರಿಯೂ ಇದೆ.

ಪಹಣಿಯಲ್ಲಿ ಹೆಸರಿದ್ದರೆ ಏನಾಗುತ್ತದೆ ಎಂಬುದನ್ನು ರೈತ ಕುಟುಂಬದ ಗಂಡಸರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಸೊಸೈಟಿಯ ಬೆಳೆಸಾಲ, ಹವಾಮಾನ ಆಧಾರಿತ ಬೆಳೆವಿಮೆ, ಕೊಳೆ ರೋಗದ ವರ್ಷ ಸರಕಾರ ಕೊಡುವ ಪರಿಹಾರ ಎಲ್ಲವೂ ಆ ಹೆಸರನ್ನು ಹಿಡಿದೇ ಬರುತ್ತವೆ. 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿರುವವು ಶೇಕಡಾ 14ರಷ್ಟು ಮಾತ್ರ. ಅಡಿಕೆ ಸುಲಿಯುವುದು, ಒಣಗಿಸುವುದು, ಆರಿಸುವುದು, ಕೊಟ್ಟಿಗೆ, ಗೊಬ್ಬರ, ಆಳುಗಳ ಊಟ ಇವೆಲ್ಲ ಯಾರ ಕೈಯಲ್ಲಿ ನಡೆಯುತ್ತವೆ ಎಂಬುದನ್ನು ಕಂಡವರಿಗೆ ಈ ಅಂಕಿ ನೋವಾಗಬೇಕು. 1932ರ ಕರನಿರಾಕರಣೆಯಲ್ಲಿ ಸರಕಾರ ರೈತರ ಜಮೀನು ಜಪ್ತಿ ಮಾಡಿ ಮಾರಿದಾಗ, ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಅದನ್ನು ಕೊಂಡವರ ಮನೆಯ ಮುಂದೆ ಸತ್ಯಾಗ್ರಹ ಕೂತರು. ಅವರ ಸ್ಮಾರಕ ಅಲ್ಲಿದೆ. ಪಿತ್ರಾರ್ಜಿತ ಭೂಮಿಯಲ್ಲಿ ಹುಟ್ಟಿನ ಹಕ್ಕು ಇಲ್ಲದಿದ್ದ ಕಾಲದಲ್ಲಿಯೇ ಮನೆತನದ ನೆಲಕ್ಕಾಗಿ ಹಸಿದು ಕೂತವರ ಮೊಮ್ಮಕ್ಕಳು ಇಂದು ಪಾಲು ಕೇಳುವ ಈ ಹೆಣ್ಣುಮಕ್ಕಳು.

ಇನ್ನೊಂದು ಮಾತನ್ನು ಯಾರೂ ನೇರವಾಗಿ ಆಡುವುದಿಲ್ಲ. ಪಾಲು ಬಿಟ್ಟು ಸಹಿ ಹಾಕಿದರೆ ತವರಿಗೆ ಹೋಗಿಬರುವ ದಾರಿ ತೆರೆದಿರುತ್ತದೆ, ಇಲ್ಲದಿದ್ದರೆ ಇಲ್ಲ ಎಂಬ ಸೂಚನೆ ಅದು. ತಂದೆಯ ವರ್ಷಾಂತಿಕ ಮುಗಿಯುವ ಮೊದಲೇ ಪೌತಿ ಖಾತೆಯ, ಎಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ, ಕಾಗದ ಬರುತ್ತದೆ, “ಇಲ್ಲೊಂದು ಸಹಿ ಹಾಕು” ಎನ್ನುತ್ತಾರೆ, ಅವಳು ಓದದೆ ಹಾಕುತ್ತಾಳೆ. ಬಾಣಂತನಕ್ಕೆ, ಹಬ್ಬಕ್ಕೆ, ಕಾಯಿಲೆಗೆ ಬಂದು ನಿಲ್ಲುವ ಮನೆಯನ್ನು ಹೀಗೆ ಒತ್ತೆ ಇಡಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ನಮ್ಮ ಜಿಲ್ಲೆಯವರೇ ಆದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪರಿಶಿಷ್ಟ ಪಂಗಡಗಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಇದನ್ನು ಮರುಪರಿಶೀಲಿಸುವಂತೆ ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. ಯಲ್ಲಾಪುರ, ಹಳಿಯಾಳದವರು ಈ ಬೇಡಿಕೆಯನ್ನು ತಮ್ಮದಾಗಿಸಿಕೊಳ್ಳಬೇಕೆಂದು ನಾನು ಬಯಸುತ್ತೇನೆ.

ತಿಳಿದೂ ತಿಳಿದೂ ಪಾಲನ್ನು ತಮ್ಮನಿಗೆ ಬಿಟ್ಟುಕೊಡುವ ಅಕ್ಕಂದಿರೂ ಇದ್ದಾರೆ, ಅದು ಅವರ ಸ್ವಾತಂತ್ರ್ಯ. ಅಂಥವರಿಗೂ ನಾನು ಹೇಳುವುದಿಷ್ಟು: ಮೊದಲು ವಂಶವೃಕ್ಷದಲ್ಲಿ ಮತ್ತು ಪಹಣಿಯಲ್ಲಿ ನಿಮ್ಮ ಹೆಸರು ಸೇರಲಿ. ಬಿಳಿ ಕಾಗದದ ಒಪ್ಪಿಗೆಯಿಂದ ಸ್ಥಿರಾಸ್ತಿಯ ಹಕ್ಕು ಹೋಗುವುದಿಲ್ಲ, ಅದಕ್ಕೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಆದ್ದರಿಂದ ಬರೆದುಕೊಡುವುದೇ ಆದರೆ ಪತ್ರದಲ್ಲಿ ಯಾವ ಸರ್ವೆ ನಂಬರು, ಎಷ್ಟು ಪಾಲು, ಪ್ರತಿಫಲ ಏನು ಎಂಬುದನ್ನು ಓದಿ ಸಹಿ ಮಾಡಿ. ತಾಯಿಯ ಪಾಲನ್ನು ಮಾತ್ರ ಅವರು ಇರುವಷ್ಟು ಕಾಲ ಅವರ ಹೆಸರಿನಲ್ಲಿಯೇ ಉಳಿಸಿ.